ಐದನೆಯ ಪಾತ್ರೆ

ನಮ್ಮ ಹಾಸ್ಟೆಲಿಗೆ ನೀರಿನ ತೊಟ್ಟಿ ಇರಲಿಲ್ಲ. ನಲ್ಲಿ ಇತ್ತು. ನಲ್ಲಿಯ ಕೆಳಗೆ ಸಿಮೆಂಟಿನ ಕಟ್ಟೆ ಇತ್ತು, ಕಟ್ಟೆಗೆ ಅದನ್ನು ಉದ್ಘಾಟಿಸಿದವರ ಹೆಸರಿನ ಕಲ್ಲೂ ಇತ್ತು. ಬಂದ ನೀರನ್ನು ನಾಳೆಗೆಂದು ಹಿಡಿದಿಡುವ ತೊಟ್ಟಿ ಮಾತ್ರ ಇರಲಿಲ್ಲ. ಬೆಳಗ್ಗೆ ನೀರು ಬಂದರೆ ಆ ದಿನಕ್ಕೆ ಉಂಟು, ಬರದಿದ್ದರೆ ಇಲ್ಲ.

ನೀರು ಬರುವುದು ಬಿಡುವುದು ಪೇಟೆಯ ಟ್ಯಾಂಕಿನ ಬುಡದಲ್ಲಿರುವ ಹಾಸುಗಲ್ಲಿಗೆ ಸೇರಿದ ವಿಷಯ. ದಿನಾ ಬೆಳಕು ಹರಿಯುವ ಹೊತ್ತಿಗೆ ಆ ಕಲ್ಲಿನ ಮೇಲೆ ಹದಿನಾರು ಪದ ಮೂಡುತ್ತವೆ, ಸಾಲಿಗೆ ನಾಲ್ಕರಂತೆ. ಅವುಗಳಲ್ಲಿ ಒಂದಕ್ಕೊಂದು ಸೇರುವ ನಾಲ್ಕು ಪದ ಆರಿಸಿ, ಅವುಗಳ ಮೇಲೆ ಕೈಯಿಟ್ಟು, ಯಾಕೆ ಸೇರುತ್ತವೆಂದು ಗಟ್ಟಿಯಾಗಿ ಹೇಳಬೇಕು. ಸರಿಯಾದರೆ ಆ ನಾಲ್ಕೂ ಅಳಿಸಿಹೋಗಿ ಟ್ಯಾಂಕಿನ ಒಂದು ವಾಲ್ವು ತಾನಾಗಿ ತಿರುಗುತ್ತದೆ. ಮೊದಲು ಬಿಡಿಸಿದ ಗುಂಪಿಗೆ ಒಂದನೇ ಬೀದಿಯ ನೀರು, ಎರಡನೆಯದಕ್ಕೆ ಎರಡನೇ ಬೀದಿಯದು, ಹೀಗೆ ನಾಲ್ಕು. ತಪ್ಪಾದರೆ ಕಲ್ಲು ಬಿಸಿಯಾಗುತ್ತದೆ. ನಾಲ್ಕು ತಪ್ಪಾದರೆ ಉಳಿದ ಪದಗಳೆಲ್ಲ ಅಳಿಸಿ ಕಲ್ಲು ಬರೀ ಕಲ್ಲಾಗುತ್ತದೆ. ಆಮೇಲೆ ತೆರೆಯದ ವಾಲ್ವು ಆ ದಿನ ತೆರೆಯುವುದಿಲ್ಲ. ಹಿಂದೊಮ್ಮೆ ಇಂಜಿನಿಯರೊಬ್ಬರು ಬಂದು ವಾಲ್ವು ಬಿಚ್ಚಿ ನೋಡಿದರಂತೆ. ಒಳಗೆ ತಂತಿಯಾಗಲಿ ಯಂತ್ರವಾಗಲಿ ಕಾಣಲಿಲ್ಲ. ಎಣ್ಣೆ ಬಿಟ್ಟು, ಮತ್ತೆ ಮುಚ್ಚಿ ಹೋದರು. ಅದಾದ ಮೇಲೆ ವಾಲ್ವು ಮೊದಲಿಗಿಂತ ಸಲೀಸಾಗಿ ತಿರುಗತೊಡಗಿತು. ಊರಿನವರಿಗೆ ಅಷ್ಟು ಸಾಕಾಗಿತ್ತು.

ಬೀದಿಗೊಬ್ಬರು ಕೈಯಿಡುವವರು. ಒಂದನೇ ಬೀದಿಯಿಂದ ಹೋಟೆಲಿನ ಸಾಂಬಣ್ಣನವರು, ಎರಡನೆಯದರಿಂದ ಟೈಲರ್ ನಜೀರ್ ಸಾಬರು, ಮೂರರಿಂದ ಎಣ್ಣೆ ಅಂಗಡಿಯ ತಿಮ್ಮಜ್ಜ. ನಾಲ್ಕನೇ ಬೀದಿ ನಮ್ಮದು. ನಮ್ಮ ಕಡೆಯಿಂದ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸಣ್ಣೀರಕ್ಕ ಹೋಗುತ್ತಿದ್ದಳು. ಅಷ್ಟು ವರ್ಷ ಹೋದರೂ ಅವಳು ಒಂದು ಗುಂಪನ್ನೂ ಬಿಡಿಸಿದವಳಲ್ಲ. ಬಿಡಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಮೂವರೂ ಮುಗಿಸಿದ ಮೇಲೆ ಕಲ್ಲಿನ ಮೇಲೆ ನಾಲ್ಕು ಪದ ಉಳಿದಿರುತ್ತಿದ್ದವು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಅವುಗಳ ಮೇಲೆ ಇಟ್ಟು, "ಉಳಿದವು" ಅನ್ನುತ್ತಿದ್ದಳು. ಕಲ್ಲು ಅದನ್ನು ಒಪ್ಪುತ್ತಿತ್ತು.

"ನಿಮ್ಮದು ಸುಲಭ ಬಿಡಮ್ಮ," ಎಂದು ತಿಮ್ಮಜ್ಜ ಆಗಾಗ ಹೇಳುತ್ತಿದ್ದ. "ತಲೆ ಕೆಡಿಸ್ಕೊಳ್ಳೋ ಹಂಗಿಲ್ಲ. ತಾನಾಗಿ ಬರುತ್ತೆ."

"ಬಂದ್ರೆ," ಅನ್ನುತ್ತಿದ್ದಳು ಸಣ್ಣೀರಕ್ಕ.

ಅವಳು ಹೇಳಿದ್ದರಲ್ಲಿ ಲೆಕ್ಕವಿತ್ತು. ಗುಂಪು ಬೀದಿಗೊಂದು, ಆದರೆ ತಪ್ಪುಗಳು ಊರಿಗೆಲ್ಲ ಸೇರಿ ನಾಲ್ಕೇ. ಮೊದಲಿನವರು ಆತುರಕ್ಕೆ ಎರಡು ತಪ್ಪು ಮಾಡುತ್ತಾರೆ, ಆಮೇಲಿನವರು ಹಟಕ್ಕೆ ಎರಡು. ಕಲ್ಲು ಅಳಿಸಿದಾಗ ಸಾಮಾನ್ಯವಾಗಿ ಒಣಗುವುದು ಕೊನೆಯ ಬೀದಿ. ಒಂದನೇ ಬೀದಿಯಲ್ಲಿ ಮನೆಮನೆಗೂ ತೊಟ್ಟಿ ಇದೆ, ವಾರ ನೀರಿಲ್ಲದಿದ್ದರೂ ಸ್ನಾನ ತಪ್ಪುವುದಿಲ್ಲ.

ಸುಳಿವು ಹೇಳುವುದು ನನ್ನ ಕೆಲಸವಾಗಿತ್ತು. ಯಾರೂ ನೇಮಿಸಿದ್ದಲ್ಲ. ಸುಳಿವನ್ನು ಯಾರು ಬೇಕಾದರೂ ಹೇಳಬಹುದು. ಉತ್ತರವನ್ನು ಮಾತ್ರ ಸರದಿಯವರೇ ಹೇಳಬೇಕು, ಬೇರೆಯವರ ಬಾಯಿಂದ ಬಂದರೆ ಕಲ್ಲು ಆ ಕ್ಷಣವೇ ಅಳಿಸಿಹೋಗುತ್ತದೆ. ಸುಳಿವು ಎಲ್ಲಿ ಮುಗಿದು ಉತ್ತರ ಎಲ್ಲಿ ಶುರುವಾಗುತ್ತದೆ ಎಂಬುದು ಯಾರಿಗೂ ಖಚಿತವಿಲ್ಲ. ಅಪ್ಪನ ಹೆಗಲ ಮೇಲಿದ್ದ ಮಗುವೊಂದು ಒಮ್ಮೆ "ಹುಳಿ ಹುಳಿ" ಎಂದು ಚಪ್ಪಾಳೆ ತಟ್ಟಿ ಇಡೀ ಊರನ್ನು ಕಾಲುವೆಗೆ ಕಳಿಸಿತ್ತು. ಅಂದಿನಿಂದ ಕಲ್ಲಿನ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ.

ನಾನು ಬುದ್ಧಿವಂತನೆಂದು ಊರಲ್ಲಿ ಮಾತಿತ್ತು. ಸಾಂಬಣ್ಣನವರು ನನ್ನನ್ನು ಮಾರೇಶ ಅನ್ನದೆ ಲೈಬ್ರರಿ ಎಂದೇ ಕರೆಯುತ್ತಿದ್ದರು. ಬುದ್ಧಿಯದ್ದೇನೂ ಇರಲಿಲ್ಲ. ಹಾಸ್ಟೆಲಿನಲ್ಲಿ ಎರಡು ಬೀರು ಪುಸ್ತಕಗಳಿದ್ದವು, ಅವನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. 'ಲಾಭದಾಯಕ ಕೋಳಿ ಸಾಕಣೆ' ಎಂಬ ಪುಸ್ತಕವನ್ನು ಕೃಷಿಯ ಸಾಲಿಗೆ ಹಾಕಿದರೆ ವಾರ್ಡನ್ ಅದನ್ನು ವಾಣಿಜ್ಯಕ್ಕೆ ಎತ್ತಿಡುತ್ತಿದ್ದರು, ಅಡುಗೆಯ ಭಾಗವೂ ಇದೆಯೆಂದು ಸಣ್ಣೀರಕ್ಕ ಅಡುಗೆಮನೆಗೆ ಒಯ್ಯುತ್ತಿದ್ದಳು. ಮೂವರೂ ಸರಿ. ಹಾಗಿದ್ದ ಮೇಲೆ ಆ ಪುಸ್ತಕ ಎಲ್ಲಿರಬೇಕೆಂದು ತೀರ್ಮಾನಿಸುವುದು ಪುಸ್ತಕವಲ್ಲ, ಉಳಿದ ಪುಸ್ತಕಗಳು. ಯಾವ ಸಾಲಿನಲ್ಲಿ ಜಾಗ ಖಾಲಿ ಉಳಿದಿದೆಯೋ ಅಲ್ಲಿಗೆ ಅದು. ಕಲ್ಲಿನ ಗುಟ್ಟೂ ಇಷ್ಟೇ.

ಇದನ್ನೇ ನಾನು ಬೇರೆ ಬೇರೆ ಮಾತಲ್ಲಿ ಹೇಳುತ್ತಿದ್ದೆ. ಕಣ್ಣಿಗೆ ಮೊದಲು ಬಿದ್ದ ನಾಲ್ಕನ್ನು ನಂಬಬೇಡಿ, ಐದನೆಯದು ಎಲ್ಲೋ ಕೂತಿರುತ್ತದೆ, ಹುಡುಕಿ. ಅಕ್ಕಪಕ್ಕ ಮೂಡಿದ ಪದಗಳು ನೆಂಟರಲ್ಲ. ಯಾವುದಕ್ಕೂ ಸೇರದ ಪದ ಕಂಡರೆ ಅದನ್ನು ಕೊನೆಗೆ ತಳ್ಳಬೇಡಿ, ಅಲ್ಲಿಂದಲೇ ಶುರುಮಾಡಿ, ಯಾಕೆಂದರೆ ಅದಕ್ಕೆ ಹೋಗಲು ಬೇರೆ ಮನೆಯಿಲ್ಲ. ಗುಂಪಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ ಆ ಗುಂಪು ಸುಳ್ಳು. ಎಲ್ಲಕ್ಕಿಂತ ಮುಖ್ಯವಾಗಿ, ಹದಿನಾರೂ ಮನಸ್ಸಿನಲ್ಲಿ ಕೂತ ಮೇಲೆಯೇ ಕೈ ಚಾಚಿ, ಏಕೆಂದರೆ ಕಲ್ಲಿಗೆ ಇನ್ನೊಂದು ಗುಣವಿತ್ತು. ಒಮ್ಮೆ ಕೈಯಿಟ್ಟ ಗುಂಪನ್ನು ಮುಗಿಸದೆ ಬೇರೆ ಗುಂಪಿಗೆ ಹೋಗಲು ಅದು ಬಿಡುತ್ತಿರಲಿಲ್ಲ, ಬೇರೆಯವರ ಸರದಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕೆಲವರು ಕೇಳುತ್ತಿದ್ದರು. ಸಾಂಬಣ್ಣನವರು ಕೇಳಿ, ತಲೆಯಾಡಿಸಿ, ಕಣ್ಣಿಗೆ ಮೊದಲು ಬಿದ್ದ ನಾಲ್ಕರ ಮೇಲೆ ಕೈಯಿಡುತ್ತಿದ್ದರು. ಹೆಚ್ಚಿನ ದಿನ ಅದು ಸರಿಯೇ ಇರುತ್ತಿತ್ತು. ಅವರು ಕೆಟ್ಟವರಲ್ಲ. ಪರೀಕ್ಷೆಯ ದಿನಗಳಲ್ಲಿ ನನ್ನಿಂದ ಚಹಾದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಅವರ ಹೋಟೆಲು ಕಲ್ಲಿನ ಎದುರಿಗೇ. ಬಾಗಿಲ ಹೊರಗೆ ಗಿರಾಕಿಗಳ ಚಪ್ಪಲಿ, ಗೋಡೆಗೆ ಒರಗಿಸಿದ ಸೈಕಲ್ಲು, ಕಿಟಕಿಯ ಸರಳಿಗೆ ನೇತುಹಾಕಿದ ಛತ್ರಿ. ಅದೇ ಹೊರಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ, ಅಂಚು ಒಂದು ಕಡೆ ನೆಗ್ಗಿದ್ದು. ಅದು ನಾಲ್ಕನೇ ಬೀದಿಯವರದು. ನಾವು ಹೋಗಿ, ಲೋಟ ತೆಗೆದು, ತೊಳೆದು ಹಿಡಿದರೆ ಮೇಲಿನಿಂದ ಚಹಾ ಸುರಿಯುತ್ತಾರೆ. ಕುಡಿದು, ತೊಳೆದು, ಗೂಡಿನಲ್ಲಿಟ್ಟು ಬರುವುದು. ಒಂದೇ ಲೋಟವಾದ್ದರಿಂದ ಇಬ್ಬರು ಹೋದರೆ ಒಬ್ಬರು ಕಾಯಬೇಕು. ಹೀಗೆ ಮಾಡಿ ಎಂದು ನನಗೆ ಯಾರೂ ಹೇಳಿದ್ದಿಲ್ಲ. ಮಾಡಬೇಡಿ ಎಂದೂ ಹೇಳಿದ್ದಿಲ್ಲ. ಒಳಗೆ ಗಲ್ಲಾಪೆಟ್ಟಿಗೆಯ ಹಿಂದೆ 'ಎಲ್ಲರಿಗೂ ಸ್ವಾಗತ' ಎಂಬ ಬೋರ್ಡು ಇತ್ತು. ಅದು ಹೊರಗಿನಿಂದಲೂ ಕಾಣುತ್ತಿತ್ತು.

ಆ ವರ್ಷ ಹಾಸ್ಟೆಲ್ ತಪಾಸಣೆಗೆ ಹೊಸ ಸಾಹೇಬರು ಬಂದಿದ್ದರು. ಎರಡು ಸಲ ಬಂದಾಗಲೂ ನಲ್ಲಿ ತಿರುಗಿಸಿದರು, ಎರಡು ಸಲವೂ ಗಾಳಿ ಬಂತು. ಮೂರನೆಯ ಸಲವೂ ಹೀಗೇ ಆದರೆ ಕಟ್ಟಡ ವಾಸಕ್ಕೆ ಯೋಗ್ಯವಲ್ಲವೆಂದು ಬರೆದು ಮುಚ್ಚಿಸುವುದಾಗಿ ವಾರ್ಡನ್‌ಗೆ ಹೇಳಿ ಹೋದರು. ತೊಟ್ಟಿ ಕಟ್ಟಿಸಿಕೊಡಿ ಎಂದು ವಾರ್ಡನ್ ಕೇಳಿದ್ದಕ್ಕೆ, ನೀರೇ ಬರದ ಕಟ್ಟಡಕ್ಕೆ ತೊಟ್ಟಿ ಯಾಕೆ ಅಂದರಂತೆ. ಮುಚ್ಚಿದರೆ ನಮ್ಮನ್ನು ಜಿಲ್ಲೆಯ ಹಾಸ್ಟೆಲಿಗೆ ಸೇರಿಸಬೇಕು, ಅಲ್ಲಿ ಜಾಗವಿಲ್ಲ. ಅಂದರೆ ಮನೆಗೆ. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಅಪ್ಪ ಕೋಳಿ ಫಾರಂನಲ್ಲಿ ಕೆಲಸಕ್ಕಿದ್ದ, ಅಲ್ಲಿಯ ಮಾಲೀಕನಿಗೆ ನನ್ನ ವಿಷಯ ಆಗಲೇ ಹೇಳಿಟ್ಟಿದ್ದ. ಹಾಸ್ಟೆಲ್ ಇರುವವರೆಗೆ ಓದು, ಇಲ್ಲದ ದಿನ ಮೊಟ್ಟೆ ಎಂಬುದು ನಮ್ಮಿಬ್ಬರ ಒಪ್ಪಂದ.

ಸಾಹೇಬರು ಬರುವ ದಿನ ನಾನು ಎಲ್ಲರಿಗಿಂತ ಮೊದಲು ಕಲ್ಲಿನ ಹತ್ತಿರ ಹೋದೆ. ಮೂಡಿದ್ದು ಇವು. ಮೊದಲ ಸಾಲಿನಲ್ಲಿ ಸೌಟು, ಬುಗುರಿ, ಚಪ್ಪಲಿ, ಸೂಜಿ. ಎರಡನೆಯದರಲ್ಲಿ ಗಾಣ, ಲೋಟ, ಗಾಳಿಪಟ, ಚೆಂಬು. ಮೂರನೆಯದರಲ್ಲಿ ಛತ್ರಿ, ಬಾಣಲೆ, ಫ್ಯಾನು, ಮಗ್ಗ. ಕೊನೆಯದರಲ್ಲಿ ಹೂಮಾಲೆ, ಬೀಸುಕಲ್ಲು, ತಟ್ಟೆ, ಸೈಕಲ್ಲು.

ಸೂಜಿ, ಮಗ್ಗ, ಗಾಳಿಪಟ, ಹೂಮಾಲೆ ಇವಕ್ಕೆ ದಾರ ಬೇಕು. ಬುಗುರಿಯದು ಚಾಟಿ, ದಾರವಲ್ಲ, ಹಾಗಾಗಿ ಅಲ್ಲಿ ತಕರಾರಿಲ್ಲ. ತಿರುಗುವವು ಬುಗುರಿ, ಗಾಣ, ಫ್ಯಾನು, ಬೀಸುಕಲ್ಲು, ಬೇಕಿದ್ದರೆ ಸೈಕಲ್ಲು. ಪಾತ್ರೆಗಳೂ ಐದು. ಎಲ್ಲೂ ಸೇರದವು ಚಪ್ಪಲಿ ಮತ್ತು ಛತ್ರಿ, ಹಾಗಾಗಿ ನಾನು ಅವುಗಳಿಂದ ಶುರುಮಾಡಿದೆ. ಅವು ಬಾಗಿಲ ಹೊರಗಿರುತ್ತವೆ. ಸೈಕಲ್ಲೂ ಹೊರಗೇ. ಇನ್ನೊಂದು ಬೇಕು, ಅದು ಐದು ಪಾತ್ರೆಗಳಲ್ಲಿ ಒಂದಾಗಿರಬೇಕು. ನಾನು ತಲೆಯೆತ್ತಿದರೆ ಎದುರಿಗೆ ಗೂಡಿತ್ತು. ಇಷ್ಟು ಬೇಗ ನಾನು ಯಾವತ್ತೂ ಬಿಡಿಸಿರಲಿಲ್ಲ.

ಜನ ಸೇರಿದರು. ಸಾಹೇಬರ ಜೀಪು ಬಂತು. ನೀರು ಬಿಟ್ಟ ಮೇಲೆಯೇ ಹಾಸ್ಟೆಲಿಗೆ ಬರುತ್ತೇನೆಂದು ಅವರು ಹೋಟೆಲಿನ ಒಳಗೆ ಕೂತರು. ಸಾಂಬಣ್ಣನವರು ಅವರಿಗೆ ಕಾಫಿ ಕೊಡಲು ಹೇಳಿ, ಹೆಗಲ ಟವೆಲ್ಲು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

"ಏನಪ್ಪಾ ಲೈಬ್ರರಿ, ಇವತ್ತು ಹೋಟ್ಲು ಇಟ್ಟೋನಿಗೆ ಅಂತಾನೆ ಬರೆದ ಹಾಗಿದೆ," ಎಂದರು ಕಲ್ಲು ನೋಡಿ.

"ಸಾಂಬಣ್ಣೋರೆ, ಇವತ್ತು ಪಾತ್ರೆಗೆ ಕೈ ಹಾಕ್ಬೇಡಿ," ಅಂದೆ. "ಅಲ್ಲಿ ಐದಿವೆ. ತಕರಾರಿಲ್ಲದ ಗುಂಪು ಬೇರೆ ಐತೆ."

"ದಾರದ್ದಾ? ಅದು ನಜೀರ್ ಸಾಬರಿಗಿರಲಿ. ಟೈಲರ್ ಬಾಯಿಗೆ ಬಿದ್ದಿದ್ದನ್ನ ನಾನ್ಯಾಕೆ ಕಿತ್ಕೊಳ್ಳಲಿ?"

"ಕಿತ್ಕೊಳ್ಳಿ, ನನಗೇನೂ ಬೇಜಾರಿಲ್ಲ," ಅಂದರು ನಜೀರ್ ಸಾಬರು.

ಸಾಂಬಣ್ಣನವರು ಆಗಲೇ ಬಗ್ಗಿದ್ದರು. ಸೌಟು, ಬಾಣಲೆ, ತಟ್ಟೆ, ಲೋಟ. "ಅಡುಗೆಮನೆ ಪಾತ್ರೆ," ಎಂದರು. "ಚೆಂಬು ಬಚ್ಚಲಿಂದು." ಕಲ್ಲು ಬಿಸಿಯಾಯಿತು. ಅವರು ಕೈಯನ್ನು ಟವೆಲ್ಲಿಗೆ ಒರೆಸಿಕೊಂಡರು. ಅಲ್ಲಿಯವರೆಗೆ ಯಾರ ತಪ್ಪೂ ಅಲ್ಲ. ನಾನಾಗಿದ್ದರೂ ಚೆಂಬನ್ನೇ ಅನುಮಾನಿಸುತ್ತಿದ್ದೆ, ಗೂಡು ಕಾಣದಿದ್ದರೆ.

"ಇರೋದನ್ನ ಬಿಡಿ, ಉಳಿಯೋದನ್ನ ನೋಡಿ," ಅಂದೆ. ಇದಕ್ಕಿಂತ ಮುಂದೆ ಹೋದರೆ ಕಲ್ಲು ಅಳಿಸಬಹುದು ಎಂದು ಹೆದರಿಕೆಯಾಗಿ, ಮೆಲ್ಲಗೆ ಇನ್ನೊಂದು ಮಾತು ಸೇರಿಸಿದೆ. "ಅವೆಲ್ಲ ಎಲ್ಲಿರ್ತವೆ ಅಂತ ಕೇಳ್ಕೊಳ್ಳಿ."

ಅವರು ಕಲ್ಲು ನೋಡಿದರು. ಆಮೇಲೆ ತಮ್ಮ ಹೋಟೆಲಿನ ಕಡೆ ತಿರುಗಿದರು. ಚಪ್ಪಲಿಯ ಸಾಲು, ಸೈಕಲ್ಲು, ಛತ್ರಿ. ಅವರ ಕಣ್ಣು ಗೋಡೆಯುದ್ದಕ್ಕೆ ಹೋಗಿ, ಗೂಡಿನಲ್ಲಿ ನಿಂತು, ಹಿಂದಕ್ಕೆ ಬಂತು. ಆಗಲೇ ಅವರಿಗೆ ಗೊತ್ತಾಯಿತು. ಅವರಿಗಷ್ಟೇ ಅಲ್ಲ. ನಜೀರ್ ಸಾಬರು ಕನ್ನಡಕ ತೆಗೆದು ಒರೆಸತೊಡಗಿದರು. ತಿಮ್ಮಜ್ಜ ಆಕಾಶ ನೋಡಿದ. ಅದೇ ಹೊತ್ತಿಗೆ ಸಾಹೇಬರು ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಬಾಗಿಲಿಗೆ ಬಂದು ನಿಂತರು.

"ಏನ್ರೀ, ಕಷ್ಟದ್ದೇನು ಇವತ್ತು?"

"ಇಲ್ಲ ಸಾಹೇಬ್ರೆ, ಸುಲಭದ್ದೇ," ಅಂದರು ಸಾಂಬಣ್ಣನವರು. ಬಗ್ಗಿ ಸೌಟು, ಬಾಣಲೆ, ಚೆಂಬು, ಲೋಟದ ಮೇಲೆ ಕೈಯಿಟ್ಟರು. "ಅಡುಗೆಮನೆ ಪಾತ್ರೆ. ತಟ್ಟೆ ನಾಯಿಗೆ ಅನ್ನ ಹಾಕೋಕೆ ಹೊರಗಿಡೋದು." ಕಲ್ಲು ಬಿಸಿಯಾಯಿತು.

"ನಿಮ್ಮನೇಲಿ ನಾಯಿ ಎಲ್ಲಿದೆ ಸಾಂಬಣ್ಣ?" ಎಂದು ನಜೀರ್ ಸಾಬರು ಕೇಳಿದರು.

"ಹಿಂದೆ ಇತ್ತು."

"ಅದಕ್ಕೆ ತಟ್ಟೇಲಿ ಹಾಕ್ತಿದ್ರಾ? ಪುಣ್ಯವಂತ ನಾಯಿ."

ಯಾರೋ ನಕ್ಕರು. ಸಾಂಬಣ್ಣನವರು ನಗಲಿಲ್ಲ. ಮೂರನೆಯ ಸಲ ಸೌಟನ್ನು ಬಿಟ್ಟರು. ಮದುವೆಯಲ್ಲಿ ಬಡಿಸುವ ಸೌಟು ಚಪ್ಪರದಲ್ಲಿರುತ್ತದೆ, ಚಪ್ಪರ ಮನೆಯ ಹೊರಗಿರುತ್ತದೆ ಎಂದು ವಿವರಿಸಿದರು. ಹೆಸರು ಒಂದೇ ಉಸಿರಿಗೆ ಮುಗಿಯದ ಗುಂಪು ಸುಳ್ಳೆಂದು ನಾನು ಅವರಿಗೆ ಎಷ್ಟೋ ಸಲ ಹೇಳಿದ್ದೆ. ಕಲ್ಲು ಬಿಸಿಯಾದದ್ದು ನಿಂತಲ್ಲಿಗೇ ತಾಗಿತು.

ಇನ್ನು ಉಳಿದದ್ದು ಒಂದು ತಪ್ಪು. ಆಗ ಸಣ್ಣೀರಕ್ಕ ಮುಂದೆ ಬಂದಳು. ಅವಳು ಸರದಿಗೆ ಮೊದಲು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಸಾಮೀ, ಬಾಣಲೆ ಎಲ್ಲಿಡ್ತೀರಿ ನೀವು?"

"ಒಲೆ ಮೇಲೆ," ಅಂದರು ಸಾಂಬಣ್ಣನವರು, ಯೋಚಿಸದೆ.

"ಒಲೆ ಎಲ್ಲೈತೆ?"

"ಒಳಗೆ."

"ಹಂಗಾದ್ರೆ ಬಾಣಲೆ ಒಳಗಿಂದಾಯ್ತು. ಇವತ್ತು ಹಾಸ್ಟೆಲಿಗೆ ನೀರು ಬರಲಿಲ್ಲ ಅಂದ್ರೆ ಈ ಹುಡುಗ್ರೆಲ್ಲ ಮನೆಗೆ ಹೋಗ್ತಾರೆ. ನಾನೂ ಹೋಗ್ತೀನಿ. ಅಷ್ಟೇ ಹೇಳೋಕೆ ಬಂದೆ."

ಚೆಂಬು, ತಟ್ಟೆ, ಸೌಟು ಮೂರೂ ಹೊರಗಿನವಲ್ಲವೆಂದು ಕಲ್ಲೇ ಹೇಳಿತ್ತು, ಬಾಣಲೆಯನ್ನು ಅವರೇ ಒಳಗಿಟ್ಟರು. ಐದರಲ್ಲಿ ಒಂದೇ ಉಳಿದಿತ್ತು. ಲೆಕ್ಕ ಬಾರದವರಿಗೂ ತಿಳಿಯುವಷ್ಟು. ಅವರು ಮಾಡಬೇಕಾದದ್ದು ಲೋಟವನ್ನು ಬಿಟ್ಟು ಉಳಿದ ನಾಲ್ಕನ್ನು ಮುಟ್ಟುವುದು. ಆದರೆ ಹಾಗೆ ಮಾಡಿದರೆ ಸರದಿ ಮುಂದಕ್ಕೆ ಹೋಗುತ್ತಿತ್ತು, ಚಪ್ಪಲಿ, ಛತ್ರಿ, ಸೈಕಲ್ಲಿನ ಜೊತೆ ಲೋಟ ಕಲ್ಲಿನ ಮೇಲೆ ಉಳಿಯುತ್ತಿತ್ತು, ಸಾಹೇಬರು ಅದನ್ನು ಓದುತ್ತಿದ್ದರು. ಓದಿದ ಮೇಲೆ ಲೋಟ ಯಾಕೆ ಹೊರಗೆ ಎಂದು ಕೇಳಿಯೇ ಕೇಳುತ್ತಿದ್ದರು. ಕೇಳಿದರೆ ಗೂಡು ಅವರ ಮೊಳಕೈ ಪಕ್ಕದಲ್ಲೇ ಇತ್ತು. ಅಂಥ ಲೋಟಕ್ಕೆ ಕೇಸು ಹಾಕಬಹುದೆಂದು ಸಾಂಬಣ್ಣನವರಿಗೂ ಗೊತ್ತಿತ್ತು.

"ಬೇಗ ಆಗಲಿ, ನನಗೆ ಇನ್ನೂ ಎರಡು ಕಡೆ ಹೋಗೋದಿದೆ," ಎಂದು ಸಾಹೇಬರು ಕಾಫಿಯ ಕೊನೆಯ ಗುಟುಕು ಕುಡಿದರು.

ಸಾಂಬಣ್ಣನವರು ನನ್ನ ಮುಖ ನೋಡಿದರು. ನನ್ನ ಹತ್ತಿರ ಇನ್ನು ಸುಳಿವು ಇರಲಿಲ್ಲ, ಉತ್ತರ ಮಾತ್ರ ಇತ್ತು. ನಾನು ಹೇಳಿದರೂ ಕಲ್ಲು ಅಳಿಸುತ್ತಿತ್ತು. ಅವರು ಬಗ್ಗಿ ಸೌಟು, ತಟ್ಟೆ, ಚೆಂಬು, ಲೋಟದ ಮೇಲೆ ಒಂದೊಂದಾಗಿ ಕೈಯಿಟ್ಟರು. "ಅಡುಗೆಮನೆ ಪಾತ್ರೆ," ಅಂದರು. "ಬಾಣಲೆ ಹೊರಗಿಂದು. ಹಬ್ಬದಲ್ಲಿ ಕಜ್ಜಾಯ ಕರಿಯೋದು ಅಂಗಳದಲ್ಲಿ."

ಹದಿನಾರೂ ಅಳಿಸಿಹೋದವು. ಜನ ಸ್ವಲ್ಪ ಹೊತ್ತು ಕಲ್ಲನ್ನು ನೋಡಿ, ಕೊಡ ಎತ್ತಿಕೊಂಡು ಕರಗಿದರು. ಒಂದನೇ ಬೀದಿಯವರೂ ಆ ದಿನ ನೀರಿಲ್ಲದೆ ಹೋದರು, ಯಾರೂ ಸಾಂಬಣ್ಣನವರನ್ನು ಬೈಯಲಿಲ್ಲ.

ಸಣ್ಣೀರಕ್ಕ ಹೋಟೆಲಿನ ಗೋಡೆಯ ಹತ್ತಿರ ಹೋಗಿ ಗೂಡಿನಿಂದ ಲೋಟ ತೆಗೆದಳು. ತಂದು ಖಾಲಿ ಕಲ್ಲಿನ ನಡುವೆ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಅದರ ಮೇಲೆ ಇಟ್ಟು, "ಹೊರಗಿಡೋವು," ಅಂದಳು. ಅವಳು ಬಿಡಿಸಿದ ಮೊದಲ ಗುಂಪು ಅದು. ವಾಲ್ವು ತಿರುಗಲಿಲ್ಲ.

"ಯಾರದ್ರೀ ಆ ಲೋಟ?" ಎಂದರು ಸಾಹೇಬರು.

"ಯಾರೋ ಬಿಟ್ಟು ಹೋಗಿದ್ದು ಸಾಹೇಬ್ರೆ," ಅಂದರು ಸಾಂಬಣ್ಣನವರು.

"ಎತ್ತಿಡಿ ಹಾಗಾದ್ರೆ ಒಳಗೆ."

ಸಾಂಬಣ್ಣನವರು ಹೂಂ ಅಂದರು. ಸಾಹೇಬರು ಹಾಸ್ಟೆಲಿಗೆ ಬಂದು ನಲ್ಲಿ ತಿರುಗಿಸಿದರು, ಗಾಳಿಯ ಸದ್ದು ಕೇಳಿಸಿಕೊಂಡರು, ಬರೆದುಕೊಂಡು ಹೋದರು. ನಾನು ಸಂಜೆ ಪೇಟೆಗೆ ಹೋದಾಗಲೂ ಲೋಟ ಕಲ್ಲಿನ ಮೇಲೇ ಇತ್ತು. ಒಳಗಿಡಬೇಕೆಂದರೆ ಹೋಟೆಲಿನವರಲ್ಲಿ ಯಾರಾದರೂ ಅದನ್ನು ಮುಟ್ಟಬೇಕಾಗುತ್ತಿತ್ತು. ನಾವೂ ಎತ್ತಲಿಲ್ಲ. ಮರುದಿನ ಬೆಳಗ್ಗೆ ಹೊಸ ಪದಗಳು ಮೂಡಿದಾಗ ಅದು ಅಲ್ಲಿರಲಿಲ್ಲ. ಆ ದಿನದ್ದು ತೀರಾ ಸುಲಭ, ನಾಲ್ಕೂ ಬೀದಿಗೆ ಬಿಸಿಲೇರುವ ಮೊದಲೇ ನೀರು ಬಂತು. ಹಾಸ್ಟೆಲಿನ ನಲ್ಲಿಯಲ್ಲಂತೂ ಮಧ್ಯಾಹ್ನದವರೆಗೆ ಹರಿಯಿತು. ಹಿಡಿಯಲು ತೊಟ್ಟಿ ಇರಲಿಲ್ಲ.

ಹಾಸ್ಟೆಲಿಗೆ ಬೀಗ ಹಾಕುವ ದಿನ ಸಾಂಬಣ್ಣನವರು ಬಸ್ಸಿನ ಹತ್ತಿರ ಸಿಕ್ಕರು. ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಲು ತಾವೇ ಕೈ ಕೊಟ್ಟರು.

"ಮಾರೇಶ, ಆವತ್ತು ನಿನ್ನ ಸುಳಿವು ನನಗೆ ತಿಳೀಲಿಲ್ಲ ಕಣಪ್ಪಾ," ಅಂದರು. ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಗೊತ್ತು ಸಾಂಬಣ್ಣೋರೆ," ಅಂದೆ.

"ಗೂಡಿಗೆ ಈಗ ಕಾಗದದ ಲೋಟ ತರಿಸಿಟ್ಟಿದೀನಿ. ಕುಡಿದು ಬಿಸಾಕಿದ್ರಾಯ್ತು. ನಿಮ್ಮ ಬೀದಿಯೋರು ಇನ್ನು ಒಬ್ಬರಿಗೊಬ್ಬರು ಕಾಯಂಗಿಲ್ಲ, ತೊಳೆಯಂಗಿಲ್ಲ."

"ಒಳಗಿನೋರಿಗೆ?"

"ಒಳಗೆ ಸ್ಟೀಲಿಂದೇ ಇದಾವಲ್ಲಪ್ಪಾ," ಅಂದರು.

ಈಗ ಕೋಳಿ ಫಾರಂನಲ್ಲಿ ಮೊಟ್ಟೆಗಳನ್ನು ಗುಂಪು ಮಾಡುವುದು ನನ್ನ ಕೆಲಸ. ದೊಡ್ಡವು, ಸಣ್ಣವು, ಒಡಕು, ಮಚ್ಚೆಯವು. ಐದನೆಯದೊಂದು ಬಂದು ಕೂರುವುದಿಲ್ಲ, ತಪ್ಪಾದರೆ ಏನೂ ಬಿಸಿಯಾಗುವುದಿಲ್ಲ. ಬೀರುಗಳನ್ನು ಯಾರೋ ಲಾರಿಯಲ್ಲಿ ಒಯ್ದರಂತೆ, ಎಲ್ಲಿಗೆಂದು ವಾರ್ಡನ್‌ಗೂ ತಿಳಿಯಲಿಲ್ಲ. ನಾಲ್ಕನೇ ಬೀದಿಯಲ್ಲೇ ಮನೆಯಿರುವ ಸಣ್ಣೀರಕ್ಕ ಈಗಲೂ ದಿನಾ ಕಲ್ಲಿನ ಹತ್ತಿರ ಹೋಗಿ "ಉಳಿದವು" ಅನ್ನುತ್ತಾಳೆಂದು ಕೇಳಿದ್ದೇನೆ.

ಹೋದದ್ದು ಇಷ್ಟು. ಮೂವತ್ತಾರು ಮಂಚ, ಎರಡು ಬೀರು ಪುಸ್ತಕ, ಒಂದು ಅಡುಗೆ ಕೆಲಸ, ಒಂದು ಕೊನೆಯ ವರ್ಷ, ಒಂದು ಲೋಟ.